ಮೂಗಿನ ದಾರಿಯ ಡಾಕ್ಟರಮ್ಮ

ಡಾಕ್ಟರಮ್ಮನ ಮೂಗು ದೊಡ್ಡದು. ತುದಿ ಸ್ವಲ್ಪ ಕೆಳಕ್ಕೆ ಬಾಗಿದ, ಹೊಳ್ಳೆಗಳು ಅಗಲವಾದ, ಎಡಗಡೆ ಕೆಂಪು ಹರಳಿನ ಮೂಗುಬೊಟ್ಟಿದ್ದ ಮೂಗು. ಮರಳುಗಾಳಿ ಎದ್ದ ದಿನ ಸೀನಿ ಸೀನಿ ಅದು ಪೂರ್ತಿ ಕೆಂಪಾಗಿ, ಹರಳು ಯಾವುದು ಮೂಗು ಯಾವುದು ಗೊತ್ತಾಗುತ್ತಿರಲಿಲ್ಲ. ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಕೂತು ಮೊದಲು ಮೂಗಿನ ಸುದ್ದಿ ಎತ್ತಿದನಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ನಾನು ದುಬೈಯ ನೈಫ್‌ನಲ್ಲಿ ಅತ್ತರು ಮಾರುವವನು. ಬೇರೆ ಅಂಗಡಿಯವರು ಗಿರಾಕಿಯ ಕೈಚೀಲ ನೋಡುತ್ತಾರೆ, ವಾಚು ನೋಡುತ್ತಾರೆ. ನಾವು ಮೂಗು ನೋಡುತ್ತೇವೆ. ಬಾಗಿಲು ದಾಟಿದ ಕೂಡಲೇ ಹೊಳ್ಳೆ ಅರಳಿದರೆ ವ್ಯಾಪಾರ ಆಗುತ್ತದೆ. ಅರಳದಿದ್ದರೆ ಬಿಸಿಲು ತಾಳಲಾರದೆ ಎಸಿಗಾಗಿ ಒಳಗೆ ಬಂದವರೆಂದು ತಿಳಿದು ಸುಮ್ಮನಿರಬೇಕು.

ಅವರು ಬಂದದ್ದು ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ನಾನು ಆಗಷ್ಟೇ ಷಟರ್ ಎತ್ತಿದ್ದೆ. ಕಾಟನ್ ಸೀರೆ, ಕಾಲಿಗೆ ಓಡುವವರ ಬೂಟು, ಹೆಗಲಿಗೆ ತರಕಾರಿ ತುಂಬುವಂಥ ದೊಡ್ಡ ಚೀಲ. ಅಬುಧಾಬಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಭಟ್ಕಳದ ಹುಡುಗಿಯೊಬ್ಬಳು ನನ್ನ ಅಂಗಡಿಯ ಗುರುತು ಹೇಳಿದ್ದಳಂತೆ. ಮೈಸೂರಿನ ಕನ್ನಡದಲ್ಲಿ ನಮಸ್ಕಾರ ಹೇಳಿ, ಗುಲಾಬಿ, ಮಲ್ಲಿಗೆ, ಕೇದಗೆ, ಅಗರು ಮರದ ಊದು, ಏಲಕ್ಕಿ ಎಲ್ಲದರದ್ದೂ ಒಂದೊಂದು ಶೀಷೆ ಬೇಕೆಂದರು. ನಾನು ಒಳ್ಳೆಯ ಗಿರಾಕಿ ಸಿಕ್ಕಿತೆಂದು ಮೇಲಿನ ಸಾಲಿನ ಮಾಲಿಗೆ ಕೈ ಹಾಕಿದೆ.

"ಮೈಗೆ ಹಾಕ್ಕೊಳ್ಳೋಕಲ್ಲ ಸಾಹೇಬ್ರೆ, ಪರೀಕ್ಷೆ ಮಾಡೋಕೆ" ಎಂದರು.

ಪರೀಕ್ಷೆ ಎಂದ ಕೂಡಲೇ ನಾನು ಇವರು ಮುನಿಸಿಪಾಲಿಟಿಯ ಕಡೆಯವರೆಂದು ತಿಳಿದು, ಗೋಡೆಗೆ ತೂಗುಹಾಕಿದ್ದ ಲೈಸೆನ್ಸನ್ನು ಇಳಿಸಿ ಮುಂದಿಟ್ಟೆ. ಅವರು ನಕ್ಕು ನಕ್ಕು ಸೀನತೊಡಗಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ತಾವು ಅದೇ ಆಸ್ಪತ್ರೆಯ ಮಿದುಳಿನ ಡಾಕ್ಟರೆಂದೂ, ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಮತ್ತು ಅದರ ದಾಯಾದಿ ಕಾಯಿಲೆಗಳ ಬೆನ್ನು ಹತ್ತಿ ಅರ್ಧ ಆಯುಷ್ಯ ಕಳೆದವರೆಂದೂ ಹೇಳಿದರು. ಮೊದಲು ಬೆಂಗಳೂರಿನಲ್ಲಿ ರೋಗಿಗಳ ಕೈಬರಹ ಹೇಗೆ ಸಣ್ಣದಾಗುತ್ತ ಹೋಗುತ್ತದೆಂದು ನೋಡಿದರಂತೆ. ಆಮೇಲೆ ಇಂಗ್ಲೆಂಡಿನಲ್ಲಿ ನಡಿಗೆ. ಇಲ್ಲಿಗೆ ಬಂದ ಮೇಲೆ ಮೂಗು. ಈ ಕಾಯಿಲೆ ಕೈ ನಡುಗಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಮೂಗನ್ನು ಕೆಡಿಸುತ್ತದಂತೆ. ನಡುಕ ಬರುವ ಕೆಲವು ಬೇರೆ ಕಾಯಿಲೆಗಳಲ್ಲಿ ಮೂಗು ಹೆಚ್ಚುಕಡಿಮೆ ಉಳಿದುಕೊಳ್ಳುತ್ತದಂತೆ. ಹಾಗಾಗಿ ಯಾರ ಮೂಗು ಹೋಗಿದೆ, ಯಾರದ್ದು ಉಳಿದಿದೆ ಎಂದು ಸರಿಯಾಗಿ ಅಳೆದರೆ ಯಾವ ಕಾಯಿಲೆ ಎಂಬ ಅಂದಾಜು ಬೇಗ ಸಿಗುತ್ತದೆ. "ಎಲ್ಲರೂ ದೊಡ್ಡ ದೊಡ್ಡ ಮಷೀನಿಟ್ಕೊಂಡು ಮಿದುಳಿಗೆ ಹೋಗ್ತಾರೆ. ನಾನು ಮೂಗಿನ ದಾರೀಲಿ ಹೋಗೋಳು" ಎಂಬುದು ಅವರು ಎಲ್ಲರ ಮುಂದೆ ಹೇಳುತ್ತಿದ್ದ ಮಾತು.

ಅತ್ತರು ಹುಡುಕಿಕೊಂಡು ನೈಫ್‌ಗೆ ಬರುವಂತೆ ಮಾಡಿದ್ದು ಕುಂದಾಪುರದ ಒಬ್ಬ ಅಜ್ಜಿ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮಗನ ಮನೆಗೆ ಬಂದಿದ್ದ ಅಜ್ಜಿಗೆ ಕೈ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ವಿಲಾಯತಿಯಿಂದ ತರಿಸಿದ ವಾಸನೆ ಕಾರ್ಡುಗಳಿದ್ದವು. ಕಾರ್ಡನ್ನು ಉಜ್ಜಿ ಮೂಸಬೇಕು, ಅಲ್ಲೇ ಅಚ್ಚು ಹಾಕಿದ ನಾಲ್ಕು ಹೆಸರುಗಳಲ್ಲಿ ಒಂದನ್ನು ತೋರಿಸಬೇಕು. ಅಜ್ಜಿ ಒಂದನ್ನು ಮೂಸಿ, "ಇದ್ ತಲಿನೋವಿನ ಮುಲಾಮಲ್ದಾ" ಎಂದಳಂತೆ. ಮುಲಾಮು ಎಂಬ ಉತ್ತರ ಕಾರ್ಡಿನಲ್ಲಿ ಇರಲಿಲ್ಲ. ಇದ್ದದ್ದು ಯಾವುದೋ ಚಳಿ ದೇಶದ ಸೊಪ್ಪಿನ ಹೆಸರು. ಅಜ್ಜಿ ತಪ್ಪು, ಅವಳ ಮೂಗು ಸತ್ತಿದೆ ಎಂದು ಕಂಪ್ಯೂಟರು ಬರೆದುಕೊಂಡಿತು. ಡಾಕ್ಟರಮ್ಮ ಮನೆಗೆ ಹೋಗಿ ಹುಡುಕಿದರೆ, ನಮ್ಮ ಮುಲಾಮುಗಳಿಗೆ ಆ ವಾಸನೆ ಕೊಡುವುದು ಆ ಸೊಪ್ಪಿನ ಎಣ್ಣೆಯೇ. ಅಜ್ಜಿಯ ಮೂಗು ನೂರಕ್ಕೆ ನೂರು ಸರಿ ಇತ್ತು. ಅವಳದ್ದು ಪಾರ್ಕಿನ್ಸನ್ ಆಗಿರಲೂ ಇಲ್ಲ, ವಂಶದಲ್ಲಿ ಬರುವ ಬೇರೆ ನಡುಕವಾಗಿತ್ತು. ಇದನ್ನು ಹೇಳುವಾಗ ಡಾಕ್ಟರಮ್ಮನಿಗೆ ಎಂಥ ಸಿಟ್ಟೆಂದರೆ, ನಾನು ತರಿಸಿದ ಸುಲೇಮಾನಿ ಚಾ ಅವರ ಎದುರು ತಣ್ಣಗಾಯಿತು. ನಮ್ಮ ಜನಕ್ಕೆ ನಮ್ಮ ವಾಸನೆಯ ಪರೀಕ್ಷೆಯನ್ನೇ ಮಾಡುತ್ತೇನೆ, ಯಾರು ಏನು ಬೇಕಾದರೂ ಅನ್ನಲಿ ಎಂದರು.

ನನಗೆ ಈ ಹೆಂಗಸು ಹಿಡಿಸಿದರು. ನಾನೂ ಸಿಟ್ಟಿನವನೇ. ಆ ದಿನಗಳಲ್ಲಂತೂ ನನ್ನ ಸಿಟ್ಟು ಪೂರ್ತಿ ಮಾಲು ಕೊಡುವವರ ಮೇಲಿತ್ತು. ಎರಡು ಮೂರು ವರ್ಷದಿಂದ ಬರುವ ಊದಿನಲ್ಲಿ ದಮ್ಮಿಲ್ಲ, ಗುಲಾಬಿಯಲ್ಲಿ ಗುಲಾಬಿಯಿಲ್ಲ, ಎಲ್ಲರೂ ಕಲಬೆರಕೆಗೆ ಇಳಿದಿದ್ದಾರೆ ಎಂದು ನಾನು ಹಳೆಯ ವ್ಯಾಪಾರಿಗಳನ್ನು ಒಬ್ಬೊಬ್ಬರಾಗಿ ಬಯ್ದು ಬಿಟ್ಟಿದ್ದೆ. ಗುಲಾಬಿ ಕೊಡುತ್ತಿದ್ದ ಕನ್ನೌಜಿನವನನ್ನು ಬಿಟ್ಟೆ, ತಂದೆಯ ಕಾಲದಿಂದ ಊದು ಕೊಡುತ್ತಿದ್ದ ಅಸ್ಸಾಮಿನವನನ್ನೂ ಬಿಟ್ಟೆ. ಅವನು ಫೋನಿನಲ್ಲಿ ಅತ್ತಿದ್ದ. ಅಂದು ಡಾಕ್ಟರಮ್ಮನ ಮುಂದೆಯೂ ಅದೇ ರಾಗ ತೆಗೆದೆ. "ಈಗಿನ ಮಾಲು ಮುಂಚಿನ ಹಾಗಿಲ್ಲ ಮಾರಾಯ್ರೆ, ಮೂಗಿಗೆ ತಾಗೂದೇ ಇಲ್ಲ" ಎಂದೆ.

ಅವರ ಸಿಟ್ಟು ಅಲ್ಲಿಗೇ ನಿಂತಿತು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ಎಡತೋಳಿನ ಮೇಲಿತ್ತು. ಚೀಲದಿಂದ ಮೂರು ಪುಟ್ಟ ಶೀಷೆ ತೆಗೆದು, ನೀವು ಇಷ್ಟು ವರ್ಷದ ಅತ್ತರಿನವರು, ಇವು ಯಾವುವೆಂದು ಹೇಳಿ ನೋಡೋಣ ಎಂದರು. ಮೊದಲನೆಯದು ಕೇದಗೆ ಎಂದೆ. ಎರಡನೆಯದು ಗಂಧ. ಮೂರನೆಯದನ್ನು ಬಹಳ ಹೊತ್ತು ಮೂಸಿ, ಗುಲಾಬಿ, ಆದರೆ ಸೌದಿಯ ತಾಯಿಫಿನದ್ದಲ್ಲ, ಕಳಪೆ ಎಂದು ತೀರ್ಪು ಕೊಟ್ಟೆ. ಅವರು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ನನ್ನ ಹೆಂಡತಿಯ ಜೊತೆ ಒಂದು ನಿಮಿಷ ಮಾತಾಡಬಹುದೇ ಎಂದು ಕೇಳಿದರು. ಅತ್ತರಿನ ವ್ಯಾಪಾರದಲ್ಲಿ ಹೆಂಡತಿಯ ಹತ್ತಿರ ಇವರಿಗೆಂಥ ಕೆಲಸ ಎಂದು ಗೊಣಗುತ್ತ ಫೋನು ಹಚ್ಚಿ ಕೊಟ್ಟೆ.

ಡಾಕ್ಟರಮ್ಮ ಕೇಳಿದ್ದು ಒಂದೇ, ನಾನು ನಿದ್ದೆಯಲ್ಲಿ ಕೈಕಾಲು ಬಡಿಯುತ್ತೇನೆಯೇ ಎಂದು. ನನ್ನ ಹೆಂಡತಿ ಹೊರಗೆ ಕೇಳಿಸುವಷ್ಟು ಜೋರಾಗಿ ನಕ್ಕಳು. ಮದುವೆಯಾದ ಹೊಸತರಲ್ಲಿ ಇದು ಇರಲಿಲ್ಲವೆಂದೂ, ಈಚೆಗೆ ಕನಸಿನಲ್ಲಿ ಯಾರನ್ನೋ ಒದೆಯುತ್ತಾನೆಂದೂ, ತಾನು ನಡುವೆ ದಿಂಬುಗಳ ಗೋಡೆ ಕಟ್ಟಿ ಮಲಗುತ್ತೇನೆಂದೂ ಭಟ್ಕಳದ ನಮ್ಮವರ ನವಾಯತಿ ಮಾತು ಬೆರೆತ ಕನ್ನಡದಲ್ಲಿ ಹೇಳಿದಳು. ಒದೆಸಿಕೊಳ್ಳುವವರು ಮಾಲು ಕೊಡುವವರೇ ಇರಬೇಕೆಂದು ನಾನೂ ನಗೆಗೆ ಸೇರಿಸಿದೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅಬುಧಾಬಿಗೆ ಬನ್ನಿ, ಇಬ್ಬರೂ ಬನ್ನಿ ಎಂದರು.

ಹೋದೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಉದ್ದನೆಯ ಓಣಿಯಲ್ಲಿ ನಡೆಸಿದರು, ಬೆರಳಿಗೆ ಬೆರಳು ತಟ್ಟಿಸಿದರು, ಒಂದು ಸಾಲು ಕನ್ನಡ ಬರೆಸಿದರು. ಸಾಲಿನ ಕೊನೆಗೆ ಬರುವಷ್ಟರಲ್ಲಿ ನನ್ನ ಅಕ್ಷರ ಇರುವೆಯಷ್ಟಾಗಿತ್ತು. ನಡೆಯುವಾಗ ಎಡಗೈ ಬೀಸುವುದಿಲ್ಲವೆಂದು ನನಗೆ ಆಗಲೇ ಗೊತ್ತಾಗಿದ್ದು. ಆಮೇಲೆ ಕುರ್ಚಿಯನ್ನು ಮೇಜಿನ ಆಚೆಯಿಂದ ಈಚೆಗೆ ಎಳೆದು ತಂದು ನಮ್ಮೆದುರು ಕೂತು ಎಲ್ಲವನ್ನೂ ನೇರವಾಗಿ ಹೇಳಿದರು. ಅಂಗಡಿಯಲ್ಲಿ ಕೊಟ್ಟ ಮೂರನೆಯ ಶೀಷೆಯಲ್ಲಿದ್ದದ್ದು ಬರೀ ನೀರು. ಮೊದಲನೆಯದು ಕೇದಗೆ ಅಲ್ಲ, ಇಂಗು. ಎರಡನೆಯದು ಗಂಧವಲ್ಲ, ಒಣ ಸಿಗಡಿ. ಭಟ್ಕಳದವನು, ಒಣ ಸಿಗಡಿಯನ್ನು ಗಂಧ ಎಂದಿದ್ದೆ. ಮಾಲು ಕೆಟ್ಟಿರಲಿಲ್ಲ. ನನ್ನ ಮೂಗು ಎಷ್ಟೋ ಕಾಲದಿಂದ ಇರಲಿಲ್ಲ, ನನ್ನ ಜ್ಞಾಪಕವೇ ಅದರ ಕುರ್ಚಿಯಲ್ಲಿ ಕೂತು ವ್ಯಾಪಾರ ಮಾಡುತ್ತಿತ್ತು.

ಪಾರ್ಕಿನ್ಸನ್ ಎಂಬ ಹೆಸರು ನನ್ನನ್ನು ಅಷ್ಟು ಹೆದರಿಸಲಿಲ್ಲ. ಕೈ ನಡುಗುವ ಮುದುಕರನ್ನು ಊರಲ್ಲಿ ನೋಡಿದ್ದೆ. ಮೂಗು ಮರಳಿ ಬರುತ್ತದೆಯೇ ಎಂದು ಕೇಳಿದೆ. ಕೈಗೆ ಮಾತ್ರೆ ಇದೆ, ಮೂಗಿಗೆ ಇಲ್ಲ ಎಂದರು.

"ಅತ್ತರಿನವನಿಗೆ ಮೂಗಿಲ್ಲ ಅಂದ್ರೆ ಮತ್ತೆ ಎಂತ ಉಳೀತು ಡಾಕ್ಟ್ರಮ್ಮ?" ಎಂದೆ.

"ಅಂಗಡಿ ಉಳೀತಲ್ಲ. ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?" ಎಂದು ಕೇಳಿದರು.

ಅವರು ಬಿಡಲಿಲ್ಲ, ಗಂಟೆ ಹೇಳಿಸಿಕೊಂಡೇ ಬಿಟ್ಟರು. ಆಮೇಲೆ ಮಾತ್ರೆಗಳನ್ನು ಊಟಕ್ಕೆ ಎಷ್ಟು ಮೊದಲು ನುಂಗಬೇಕೆಂದು ಹೆಂಡತಿಗೆ ತಿಳಿಸಿ ಕಳಿಸಿದರು.

ಈ ಸುದ್ದಿ ನಮ್ಮ ಅಣ್ಣನ ಕಿವಿಗೆ ಬೀಳಲು ತಡವಾಗಲಿಲ್ಲ. ಅಣ್ಣನದ್ದು ದೇರಾದಲ್ಲಿ ಬಟ್ಟೆ ವ್ಯಾಪಾರ, ನಮ್ಮ ಮನೆತನಕ್ಕೆ ಅವನೇ ಹಿರಿಯ, ನನ್ನ ಮೇಲೆ ಅವನಿಗೆ ಪ್ರಾಣ. ಪ್ರೀತಿ ಇರುವವರ ಜೊತೆ ಜಗಳವಾಡುವುದು ಬಹಳ ಕಷ್ಟ. ಅಂಗಡಿ ಮಾರು, ಭಟ್ಕಳಕ್ಕೆ ಹೋಗಿ ಆರಾಮಾಗಿರು, ನಾನು ನೋಡಿಕೊಳ್ಳುತ್ತೇನೆ ಎಂದು ಅವನು ಶುರು ಮಾಡಿದ. ನನ್ನ ವೀಸಾ ಆ ಅಂಗಡಿಯ ಲೈಸೆನ್ಸಿನ ಮೇಲೇ ನಿಂತದ್ದು. ಅಂಗಡಿ ಹೋದರೆ ಈ ಊರು ಹೋಯಿತು, ಹುಟ್ಟಿನಿಂದ ಇಲ್ಲೇ ಬೆಳೆದ ಮಗಳ ಓದು ಹೋಯಿತು, ನನ್ನ ಕಸುಬು ಹೋಯಿತು. ಮಗಳು ಕೂಡ ಫೋನಿನಿಂದ ತಲೆಯೆತ್ತದೆ, "ಬಾಬಾ, ಜಸ್ಟ್ ರಿಟೈರ್" ಎಂದುಬಿಟ್ಟಳು. ಅವಳಿಗೆ ತಿಳಿಯದು, ಅತ್ತರಿನವನು ಮಂಚ ಹಿಡಿದ ಮೇಲೆ ಬದುಕಿದರೂ ಒಂದೇ ಸತ್ತರೂ ಒಂದೇ.

ಅಣ್ಣನ ಮಾತನ್ನು ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮನಿಗೆ ಹೇಳಿದೆ. ಒಳಗೆ ಎಲ್ಲೋ ಅವರೂ ಹೌದೆನ್ನಲಿ, ನನಗೆ ಈ ತಾಪತ್ರಯ ಮುಗಿಯಲಿ ಎಂಬ ಆಸೆಯಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಆರಾಮ ಎಂಬುದು ಈ ಕಾಯಿಲೆಗೆ ಬಹಳ ಇಷ್ಟವಾದ ಊಟ, ಕೂತವನನ್ನು ಅದು ಬೇಗ ತಿನ್ನುತ್ತದೆ ಎಂದರು. ಆಮೇಲೆ ತಮ್ಮ ಕಥೆ ತೆಗೆದರು. ಅವರ ವಾಸನೆ ಪರೀಕ್ಷೆಯನ್ನು ಆಸ್ಪತ್ರೆಯ ಸಂಶೋಧನಾ ಕಮಿಟಿ ಒಂದು ಸಲ ಹಿಂದಕ್ಕೆ ಕಳಿಸಿತ್ತು. ಬಜಾರಿನ ಶೀಷೆಗಳು ವಿಜ್ಞಾನವಲ್ಲ, ಒಂದೊಂದರಲ್ಲಿ ಒಂದೊಂದು ಖಾರ, ಜಗತ್ತೆಲ್ಲ ಒಪ್ಪಿದ ಕಾರ್ಡು ಇರುವಾಗ ಇದೇಕೆ ಎಂದು ಕೇಳಿತ್ತು. ಎಲ್ಲ ಶೀಷೆಗಳಲ್ಲೂ ವಾಸನೆ ಒಂದೇ ಹದದಲ್ಲಿರಬೇಕು, ತಿಂಗಳಾದರೂ ಕೆಡಬಾರದು, ಅಂಥದ್ದನ್ನು ಮಾಡಿಕೊಡುವವರು ಬೇಕು ಎಂದರು. ಹೇಳುತ್ತ ನನ್ನನ್ನೇ ನೋಡುತ್ತಿದ್ದರು.

ಮೂಗಿಲ್ಲದವನ ಕೈಯಲ್ಲಿ ಮೂಗಿನ ಪರೀಕ್ಷೆ ಮಾಡಿಸುವುದೆಂದರೆ ಇದೆಂಥ ತಮಾಷೆ ಎಂದು ನಾನು ಎದ್ದು ನಿಂತೆ. ಆಗ ನನ್ನ ಹೆಂಡತಿ ಬಾಯಿ ತೆರೆದಳು. ತನಗೆ ಮೂಗಿದೆ ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಂಗಡಿಯ ಒಳಗೆ ಕಾಲಿಟ್ಟದ್ದು ಹಬ್ಬದ ಹಿಂದಿನ ದಿನಗಳಲ್ಲಿ ಮಾತ್ರ. ಮರುವಾರದಿಂದ ದಿನಾ ಬಂದಳು. ಯಾವ ಎಣ್ಣೆಯಲ್ಲಿ ಯಾವುದು ನಿಲ್ಲುತ್ತದೆ, ಎಷ್ಟು ಹನಿಗೆ ಎಷ್ಟು ತೆಳುವು, ಯಾವುದು ಬಿಸಿಗೆ ಹಾರುತ್ತದೆ ಎಂಬುದು ನನಗೆ ಗೊತ್ತಿತ್ತು. ನಾನು ಹೇಳುತ್ತಿದ್ದೆ, ಅವಳು ಅಳೆಯುತ್ತಿದ್ದಳು, ಮೂಸಿ ಹೌದು ಇಲ್ಲ ಎನ್ನುತ್ತಿದ್ದಳು. ಅವಳ ಮೂಗು ನನ್ನ ಒಳ್ಳೆಯ ಕಾಲದ ಮೂಗಿಗಿಂತ ಚೂಪು. ನಾನು ಬಯ್ದು ಬಿಟ್ಟಿದ್ದ ಅಸ್ಸಾಮಿನವನ ಹಳೆಯ ಊದನ್ನು ಮೂಸಿ, ಇಂಥ ಮಾಲು ಕೊಟ್ಟವನನ್ನು ಬಯ್ಯಲು ನಿಮಗೆ ಬಾಯಾದರೂ ಹೇಗೆ ಬಂತು ಎಂದಳು. ಅವನಿಗೆ ಫೋನು ಮಾಡಿ ಮಾಲು ತರಿಸಿದೆವು. ಡಾಕ್ಟರಮ್ಮ ಶನಿವಾರ ಶನಿವಾರ ಬಂದು ಇಬ್ಬರ ನಡುವೆ ಕೂತು, ಇಂಗಿನ ಶೀಷೆಗೆ ಮುಚ್ಚಳ ಸಾಲದೆಂದು ಜಗಳ ತೆಗೆಯುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ಬಂದು, ಅತ್ತರಿನಂಗಡಿಯಲ್ಲಿ ಒಣ ಸಿಗಡಿಯ ವಾಸನೆ ಯಾಕೆ ಬರುತ್ತಿದೆ ಎಂದು ಕೇಳಿದ್ದುಂಟು. ಅವರ ಮೂಗಿನ ಬಗ್ಗೆ ನನಗೆ ಹೊಟ್ಟೆಕಿಚ್ಚಾಯಿತು.

ಡಾಕ್ಟರಮ್ಮನ ಹತ್ತಿರ ಒಂದು ಮಾತನ್ನು ಆಡುವ ಹಾಗಿರಲಿಲ್ಲ, ಪಾಪ ಎನ್ನುವ ಮಾತು. ಕ್ಲಿನಿಕ್ಕಿನಲ್ಲಿ ರೋಗಿಯ ಜೊತೆ ಬಂದವರು ಯಾರಾದರೂ ಪಾಪ ಎಂದರೆ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ಕಳಿಸುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯರ ಹೆಂಡತಿಯನ್ನೇ ಹೀಗೆ ಹೊರಗೆ ಕೂರಿಸಿ, ಮೇಲಿನವರಿಂದ ಮಾತು ಕೇಳಿಸಿಕೊಂಡರು. ಅದಕ್ಕೆ ಅವರು ಕ್ಷಮೆ ಕೇಳಿದ್ದನ್ನು ನಾನು ಕಾಣೆ. ನನ್ನ ಮುಖ ಬರಬರುತ್ತ ಮರದ ಹಲಗೆಯ ಹಾಗಾಗಿ, ಸಂತೋಷವಾದರೂ ನಗು ಮೇಲೆ ಬರುತ್ತಿರಲಿಲ್ಲ. "ಜೋರಾಗಿ ಬೈರಿ ಸಾಹೇಬ್ರೆ, ಮುಖಕ್ಕೆ ಒಳ್ಳೇ ವ್ಯಾಯಾಮ" ಎನ್ನುತ್ತಿದ್ದರು. ಬಯ್ಯುವ ವಿದ್ಯೆ ನನಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಕಮಿಟಿಯ ಎರಡನೆಯ ಸಭೆಗೆ ಅವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಶೀಷೆ ಮಾಡಿದವರು ಇವರು, ಏನಿದ್ದರೂ ಇವರನ್ನೇ ಕೇಳಿ ಎಂದರು. ಉದ್ದ ಮೇಜಿನ ಸುತ್ತ ಬೇರೆ ಬೇರೆ ದೇಶದ ದೊಡ್ಡ ಡಾಕ್ಟರುಗಳು, ತಲೆಯ ಕಡೆ ಯಾವುದೋ ಚಳಿ ದೇಶದ ಹಿರಿಯ ಪ್ರೊಫೆಸರು. ಅವರು ಬಹಳ ಮರ್ಯಾದಸ್ಥರು, ನನಗೆ ಎದ್ದು ಕೈ ಕೊಟ್ಟರು. ಆದರೆ ಕಾರ್ಡು ಇರುವಾಗ ಶೀಷೆ ಯಾಕೆ ಎಂಬ ಹಳೆಯ ಮಾತನ್ನೇ ಮತ್ತೆ ತೆಗೆದರು. ಡಾಕ್ಟರಮ್ಮ ವಾದ ಮಾಡಲಿಲ್ಲ. ಎಲ್ಲರ ಮುಂದೆ ನಮ್ಮ ಶೀಷೆಗಳನ್ನು ಇಡಿಸಿ, ದಯವಿಟ್ಟು ಮೂಸಿ ಬರೆಯಿರಿ ಎಂದರು.

ಪ್ರೊಫೆಸರು ಇಂಗಿನ ಶೀಷೆ ಮೂಸಿ ಗ್ಯಾಸ್ ಸೋರುತ್ತಿದೆಯೇ ಎಂದು ಸುತ್ತ ನೋಡಿದರು. ಕೇದಗೆಯನ್ನು ಸಾಬೂನು ಎಂದರು. ಒಣ ಸಿಗಡಿಗೆ ತಲೆ ಹಿಂದಕ್ಕೆಳೆದುಕೊಂಡು ಏನೂ ಬರೆಯಲೇ ಇಲ್ಲ. ಪಕ್ಕದಲ್ಲಿದ್ದ ಹೆಂಗಸು, ಅರಬರು ಮನೆಯಲ್ಲಿ ಧೂಪ ಹಾಕುವ ಬುಖೂರನ್ನು ಸುಟ್ಟ ಕಟ್ಟಿಗೆ ಎಂದರು. ಮೇಜಿನ ಕೊನೆಯಲ್ಲಿದ್ದ ಈಜಿಪ್ಟಿನ ಡಾಕ್ಟರೊಬ್ಬರು ಬುಖೂರು, ಏಲಕ್ಕಿ ಸರಿಯಾಗಿ ಹೇಳಿ ಇಂಗಿನಲ್ಲಿ ಬಿದ್ದರು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅಂಕ ಕೂಡಿಸಿ, ಕಾರ್ಡಿನ ನಿಯಮವನ್ನೇ ಹಿಡಿದು ನೋಡಿದರೆ ಈ ಮೇಜಿನ ಸುತ್ತ ಕೂತ ಬಹುಪಾಲು ಜನರಿಗೆ ಪಾರ್ಕಿನ್ಸನ್ ಶುರುವಾಗಿದೆ ಎಂದು ಪ್ರಕಟಿಸಿದರು. ಮೊದಲು ನಕ್ಕದ್ದು ಪ್ರೊಫೆಸರೇ. ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೂ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು.

ಗೆದ್ದೆವೆಂದು ಹೇಳುವ ಹಾಗೂ ಇಲ್ಲ. ಕಾರ್ಡು ಮತ್ತು ಶೀಷೆ ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಲು ಒಪ್ಪಿಗೆ ಸಿಕ್ಕಿತು, ಹಣ ಸಿಗಲಿಲ್ಲ. ಆ ವರ್ಷದ ಹಣ ಹೊಸ ಸ್ಕ್ಯಾನಿಂಗ್ ಮಷೀನಿಗೆ ಹೋಯಿತು. ಹಾಗಾದರೆ ಹಣವಿಲ್ಲದೆ ಮಾಡುತ್ತೇನೆ ಎಂದು ಅವರು ಅಬುಧಾಬಿಯ ಹೊರವಲಯದ ಬನಿಯಾಸ್‌ನಲ್ಲಿ ಒಂದು ಸಂಘದವರ ಸಭಾಂಗಣವನ್ನು ಕೇಳಿ ಪಡೆದರು. ರಜೆಯ ದಿನ ಅಲ್ಲಿಗೆ ಮಂಗಳೂರಿನವರು, ಮಲಬಾರಿನವರು, ಪೇಶಾವರದವರು, ಊರಿನಿಂದ ಬಂದ ತಂದೆತಾಯಿಗಳು ಬಂದು ಸಾಲಾಗಿ ಕೂತು ಮೂಸಿದರು. ಕಾರ್ಡಿನಲ್ಲಿ ಸತ್ತಿದ್ದ ಎಷ್ಟೋ ಮೂಗುಗಳು ಶೀಷೆಯಲ್ಲಿ ಎದ್ದು ಕೂತವು. ಮಲ್ಲಿಗೆಯ ಶೀಷೆ ಮೂಸಿದ ಒಬ್ಬಾಕೆ ಅದನ್ನು ವಾಪಸು ಕೊಡಲು ಒಪ್ಪಲೇ ಇಲ್ಲ. ನಿಜವಾಗಿ ಕಾಯಿಲೆ ಇದ್ದವರು ಎರಡರಲ್ಲೂ ಬಿದ್ದರು, ಅವರಲ್ಲಿ ಮೊದಲ ಫೇಲು ನಾನು. ಡಾಕ್ಟರಮ್ಮ ನನ್ನನ್ನು ಎಲ್ಲರ ಎದುರು ಕೂರಿಸಿ, ಇವರಿಗೆ ಏನೂ ವಾಸನೆ ಬರಲ್ಲ, ಈ ಶೀಷೆಗಳನ್ನೆಲ್ಲ ಮಾಡಿದವರು ಇವರೇ ಎಂದು ಪರಿಚಯಿಸುತ್ತಿದ್ದರು. ಮೊದಲ ಸಲ ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತ್ತು. ನಾಲ್ಕಾರು ವಾರ ಕಳೆದ ಮೇಲೆ ಅವರು ಮರೆತರೆ ನಾನೇ ಹೇಳಿಕೊಳ್ಳುವಂತಾದೆ.

ಇದನ್ನೆಲ್ಲ ಡಾಕ್ಟರಮ್ಮ ಲೇಖನವಾಗಿ ಬರೆದರೆ ಒಂದೆರಡು ದೊಡ್ಡ ವೈದ್ಯಕೀಯ ಪತ್ರಿಕೆಗಳು ಹಿಂದಕ್ಕೆ ಕಳಿಸಿದವು. ಇದು ಸ್ಥಳೀಯ ಆಸಕ್ತಿಯ ವಿಷಯ ಎಂಬುದು ಅವರ ಉತ್ತರ. ಅಂದು ಅಂಗಡಿಗೆ ಬಂದ ಡಾಕ್ಟರಮ್ಮನ ಮೂಗು ಗಾಳಿಯಿಲ್ಲದ ದಿನವೂ ಕೆಂಪಾಗಿತ್ತು. "ಅವರ ಸೊಪ್ಪು ಅಂದ್ರೆ ಜಗತ್ತು, ನಮ್ಮ ಇಂಗು ಅಂದ್ರೆ ಲೋಕಲ್ಲು" ಎಂದರು. ಅರ್ಧ ಭೂಮಿ ಇಂಗು ತಿನ್ನುತ್ತದೆ ಎಂದು ನನ್ನ ಹೆಂಡತಿ ಒಗ್ಗರಣೆ ಹಾಕಿದಳು. ಆ ಮಾತನ್ನು ಅವರು ಸಭ್ಯವಾದ ಇಂಗ್ಲಿಷಿನಲ್ಲಿ ಬರೆದು ಮತ್ತೆ ಕಳಿಸಿದರು, ಮತ್ತೂ ಕಳಿಸಿದರು. ಕೊನೆಗೆ ಒಂದು ಸಣ್ಣ ಪತ್ರಿಕೆ ಅಚ್ಚು ಹಾಕಿತು. ಅಚ್ಚಾದ ದಿನ ಅವರು ಸಂಭ್ರಮಪಡಲಿಲ್ಲ, ಇನ್ನು ದೊಡ್ಡದಾಗಿ ಮಾಡಬೇಕು, ಇನ್ನೂ ಹೆಚ್ಚು ಜನ ಬೇಕು ಎಂದು ಲೆಕ್ಕ ಹಾಕುತ್ತ ಕೂತರು.

ದೊಡ್ಡದಾಗಿ ಮಾಡಲು ಇಲ್ಲಿ ಅವಕಾಶವಾಗಲಿಲ್ಲ. ಅವರ ಕಾಂಟ್ರಾಕ್ಟನ್ನು ಆಸ್ಪತ್ರೆಯವರು ಮುಂದುವರಿಸಲಿಲ್ಲ. ವಯಸ್ಸಾಯಿತು ಎಂಬ ಕಾರಣ ಕೊಟ್ಟರು. ಬೇರೆ ಕಾರಣ ಇದ್ದರೆ ಅದು ನನಗೆ ತಿಳಿಯದು. ಈ ದೇಶದಲ್ಲಿ ನಾವೆಲ್ಲ ಕೆಲಸ ಇರುವವರೆಗೆ ಇರುವವರು, ಇದನ್ನು ಗೊತ್ತಿದ್ದೇ ಬಂದಿದ್ದೇವೆ. ಆದರೂ ಅವರು ಖಲೀಫಾ ಸಿಟಿಯ ಮನೆ ಖಾಲಿ ಮಾಡಿ ಕೊನೆಯ ಸಲ ಅಂಗಡಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಸಿಟ್ಟು ಬಂತು. ಇಷ್ಟು ಮಾಡಿದವರನ್ನು ಖಲಾಸ್ ಎಂದು ಕಳಿಸಿಬಿಡುತ್ತಾರಲ್ಲ ಎಂದು ಕೂಗಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದು, ಒಳ್ಳೇ ವ್ಯಾಯಾಮ ಆಯ್ತು ಎಂದರು. ಮೈಸೂರಿನಲ್ಲಿ ಒಂದು ಕೋಣೆ ನೋಡಿಟ್ಟಿದ್ದೇನೆ, ಅಲ್ಲೇ ಮುಂದುವರಿಸುತ್ತೇನೆ, ಶೀಷೆ ನೀವೇ ಕಳಿಸಬೇಕು ಎಂದು ಹೆಂಡತಿಯ ಕೈ ಹಿಡಿದು ಹೇಳಿದರು. ನನ್ನನ್ನು ಇಲ್ಲಿಯ ಇನ್ನೊಬ್ಬ ಡಾಕ್ಟರ ಸುಪರ್ದಿಗೆ ಒಪ್ಪಿಸಿಯೇ ಹೋದರು.

ಅವರು ನನ್ನ ಕಾಯಿಲೆ ವಾಸಿ ಮಾಡಲಿಲ್ಲ. ಮಾಡುತ್ತೇನೆಂದು ಒಂದು ದಿನವೂ ಹೇಳಲಿಲ್ಲ. ಈಗ ಎಡಗೈ ಸುಮ್ಮನಿರುವಾಗಲೇ ನಡುಗುತ್ತದೆ, ಬಾಗಿಲ ಹತ್ತಿರ ಬಂದಾಗ ಕಾಲು ಕೆಲವೊಮ್ಮೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಇದನ್ನೂ ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಬರೆಯುತ್ತಿದ್ದೇನೆ. ಆದರೆ ಇದನ್ನು ನಾನು ಬರೆಯುತ್ತಿರುವುದು ಅಂಗಡಿಯಲ್ಲಿ ಕೂತು. ಆ ಋಣ ತೀರಿಸುವುದು ನನ್ನಿಂದಾಗದು, ತೀರಿಸಬೇಕೆಂಬ ಆಸೆಯೂ ನನಗಿಲ್ಲ, ಅದು ಇರುವವರೆಗೆ ಅವರು ಹತ್ತಿರವೇ ಇದ್ದಂತೆ.

ಅವರು ಹೋದ ತಿಂಗಳೇ ಅಣ್ಣ ಬಂದ. ಇನ್ನು ನಿನ್ನ ಡಾಕ್ಟರಮ್ಮನೂ ಇಲ್ಲ, ಹಟ ಸಾಕು, ಅಂಗಡಿಗೆ ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆ ಎಂದು ಕೂತ. ಹೊರಗೆ ಬಿಸಿಲು ಕುದಿಯುತ್ತಿತ್ತು. ಒಳಗೆ ಹೆಂಡತಿ ಶೀಷೆ ಜೋಡಿಸುತ್ತಿದ್ದಳು, ಒಬ್ಬ ಅರಬ ಮುದುಕ ಊದಿನ ಚಕ್ಕೆಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಅಣ್ಣ ನಮ್ಮ ನವಾಯತಿಯಲ್ಲೇ ಹೇಳುತ್ತಿದ್ದವನು ಸಿಟ್ಟಿನ ಭರದಲ್ಲಿ ಹಿಂದಿಗೆ ಹೊರಳಿ, "ಮೂಗಿಲ್ಲದವನ ಹತ್ರ ಅತ್ತರು ಯಾರು ತಗೊಳ್ತಾರೆ?" ಎಂದುಬಿಟ್ಟ. ಮುದುಕನಿಗೆ ಹಿಂದಿ ಬರುತ್ತಿತ್ತು. ತಿರುಗಿ ನೋಡಿದ.

"ಖಶ್ಮ್ ಮಾಫಿ?" ಎಂದು ತನ್ನ ಮೂಗು ಮುಟ್ಟಿ ಕೇಳಿದ. ಮೂಗಿಲ್ಲವೇ ಎಂದು.

ಅಣ್ಣನ ಮುಖ ಬಿಳಿಚಿಕೊಂಡಿತು, ಮಾತು ತೇಲಿಸಲು ನೋಡಿದ. ನಾನು ಎದ್ದು ನಿಂತೆ. ನನ್ನ ಕೈ ನಡುಗುವುದನ್ನು ಗಲ್ಲಾದ ಹಿಂದೆ ಅಡಗಿಸದೆ ಮೇಲಿಟ್ಟೆ. ಹೌದು, ನನಗೆ ಪಾರ್ಕಿನ್ಸನ್, ಮೂಗು ಖಲಾಸ್, ಈ ಅಂಗಡಿಯಲ್ಲಿ ಮಾಲು ಮೂಸುವವಳು ನನ್ನ ಹೆಂಡತಿ, ಬೆರೆಸುವ ಹದ ನನ್ನದು, ಬೇಕಾದರೆ ತೆಗೆದುಕೊಳ್ಳಿ ಎಂದು ಅವನಿಗೆ ಹೇಳಿದೆ. ಮುದುಕ ನನ್ನ ಕೈಯನ್ನು ನೋಡಿದ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಯಾವ ಊದು ಒಳ್ಳೆಯದೆಂದು ಕೇಳಿದ. ಅವಳು ಚಕ್ಕೆಯೊಂದನ್ನು ಕೆಂಡದ ಮೇಲಿಟ್ಟು ಹೊಗೆಯನ್ನು ಅವನ ಕಡೆ ಬೀಸಿದಳು. ಅವನ ಹೊಳ್ಳೆಗಳು ಅರಳಿದವು. ಬೆಲೆ ಕೇಳಿದ. ಹೇಳಿದೆ. ಅವನು ಎದೆ ಬಡಿದುಕೊಂಡು, ಇದು ಊದೋ ಚಿನ್ನವೋ, ನೀನು ಕಳ್ಳ, ಅರ್ಧಕ್ಕೆ ಕೊಡು ಎಂದು ಚೌಕಾಸಿಗೆ ಇಳಿದ. ಅಣ್ಣ ಬಾಯಿ ಬಿಟ್ಟುಕೊಂಡು ನನ್ನ ಮುಖ ಅವನ ಮುಖ ನೋಡುತ್ತಿದ್ದ. ನನಗಾದ ಸಂತೋಷವನ್ನು ಮುಖದ ಮೇಲೆ ತೋರಿಸಲಾಗಲಿಲ್ಲ, ವ್ಯಾಪಾರಕ್ಕೆ ಅದೇ ಒಳ್ಳೆಯದಾಯಿತು.

ಅಣ್ಣ ಚಾ ಕುಡಿದು, ಅಂಗಡಿ ಕೊಳ್ಳುವವನ ಸುದ್ದಿ ಎತ್ತದೆ ಹೋದ. ನಾನು ಕೂಡಲೇ ಮೈಸೂರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಕೊನೆಗೆ ಎಷ್ಟು ಬಿಟ್ರಿ ಸಾಹೇಬ್ರೆ?" ಎಂದರು.

ಒಂದು ದಿರ್ಹಮೂ ಬಿಡಲಿಲ್ಲ ಎಂದೆ.